ಟೈಲ್ಸ್ ಆಮೇಲೆ, ಮೊದಲು ನೆಲ ನೋಡಿ

ಹಳೇ ಮನೆಯ ಅಡುಗೆಮನೆಗೆ ಟೈಲ್ಸ್ ಹಾಕಿಸೋರು ಬಣ್ಣ, ಡಿಸೈನು ಅಂತ ನಾಲ್ಕು ಭಾನುವಾರ ಅಂಗಡಿ ಸುತ್ತುತ್ತಾರೆ. ಅದರ ಕೆಳಗಿರೋ ನೆಲಕ್ಕೆ ಎರಡು ದಿನ ಕೊಡಿ ಅಂದ್ರೆ ಮಾತ್ರ "ಅದೆಲ್ಲ ಮೇಸ್ತ್ರಿ ನೋಡ್ಕೋತಾರೆ ಬಿಡ್ರೀ" ಅಂತಾರೆ.

ಮೇಸ್ತ್ರಿ ಯಾಕೆ ನೋಡ್ಕೋಬೇಕು ಹೇಳಿ? ನಾವು ಅವರಿಗೆ ದುಡ್ಡು ಕೊಡೋದು ಚದರಡಿ ಲೆಕ್ಕದಲ್ಲಿ. ನೆಲ ಸರಿ ಮಾಡೋಕೆ ಎರಡು ದಿನ ಕೂತರೆ ಆ ಎರಡು ದಿನದ ಕೂಲಿ ಅವರ ಕೈಯಿಂದಲೇ ಹೋಯ್ತು. ಹಾಗಾಗಿ ತಗ್ಗಿದ್ದ ಕಡೆ ಎರಡು ಕರಣೆ ಗಾರೆ ಜಾಸ್ತಿ ಸುರಿದು ಟೈಲ್ಸ್ ಕೂರಿಸಿಬಿಡ್ತಾರೆ. ದಪ್ಪಗೆ ಸುರಿದ ಗಾರೆ ಒಣಗುವಾಗ ಕುಗ್ಗುತ್ತೆ, ಅಡಿಯಲ್ಲಿ ಟೊಳ್ಳು ಉಳಿಯುತ್ತೆ. ಒಂದು ದಿನ ಕೈಜಾರಿ ಕುಕ್ಕರ್ ಬಿದ್ದರೆ ಟೈಲ್ಸ್ ಬಿರುಕು! ಆಗ ಬೈಸಿಕೊಳ್ಳೋದು ಟೈಲ್ಸ್ ಕಂಪನಿ.

ನಮ್ಮ ಕಡೆಯ ಹಳೇ ರೆಡ್ ಆಕ್ಸೈಡ್ ನೆಲವನ್ನೇ ತಗೊಳ್ಳಿ. ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿಯಾಗಿರುತ್ತೆ. ಒಲೆಯ ಹತ್ತಿರ ಎಣ್ಣೆ ಜಿಡ್ಡು ಬೇರೆ. ಅದರ ಮೇಲೆ ಸಿಮೆಂಟು ಕಚ್ಚಲ್ಲ. ಜಿಡ್ಡು ತೊಳೆದು, ಉಳಿ-ಸುತ್ತಿಗೆಯಲ್ಲಿ ಉದ್ದಕ್ಕೂ ಕಚ್ಚು ಹೊಡೀಬೇಕು. ಕೋಲಿನಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂದ ಜಾಗ ಒಡೆದು ತೆಗೀಬೇಕು. ಉದ್ದದ ಅಲ್ಯೂಮಿನಿಯಂ ಪಟ್ಟಿ, ರಸಮಟ್ಟ ಇಟ್ಟು ತಗ್ಗು ಗುರುತು ಹಾಕಿ, ಮೊದಲೇ ಗಾರೆ ತುಂಬಿ, ನೀರು ಹಾಕಿ ಗಟ್ಟಿಯಾಗೋಕೆ ಬಿಡಬೇಕು. ಎರಡಡಿ-ಎರಡಡಿ ಟೈಲ್ಸ್ ಆದರಂತೂ ಇನ್ನೂ ಹುಷಾರು. ಸಣ್ಣ ಟೈಲ್ಸ್ ನೆಲದ ಡೊಂಕಿಗೆ ಸ್ವಲ್ಪ ಹೊಂದಿಕೊಳ್ಳುತ್ತೆ, ದೊಡ್ಡದು ಮೂಲೆ ಎತ್ತಿ ತೋರಿಸುತ್ತೆ.

ಇನ್ನೊಂದು ಮಾತು. ಹಳೇ ನೆಲದ ಎಲ್ಲ ಡೊಂಕೂ ಡೊಂಕಲ್ಲ. ಅಜ್ಜಿಯರ ಕಾಲದಲ್ಲಿ ಅಡುಗೆಮನೆಗೆ ಬಿಂದಿಗೆಗಟ್ಟಲೆ ನೀರು ಸುರಿದು ತೊಳೀತಿದ್ದರು, ಅದಕ್ಕೇ ಮೋರಿಯ ಕಡೆಗೆ ಇಳಿಜಾರು. ಉಳಿ ಹಿಡಿಯೋ ಮುಂಚೆ ಒಂದು ಬಕೆಟ್ ನೀರು ಸುರಿದು ಎಲ್ಲಿಗೆ ಹೋಗುತ್ತೆ ನೋಡಿ. ಮೋರಿ ಇನ್ನೂ ಬೇಕಿದ್ದರೆ ಆ ಇಳಿಜಾರು ಉಳಿಸಿಕೊಳ್ಳಿ. ಇಲ್ಲದಿದ್ದರೆ ಚೆಲ್ಲಿದ ನೀರು ನಡುಮನೆ ಕಡೆ ಹರಿಯುತ್ತೆ, ಅದರ ಮೇಲೆ ಜಾರೋದು ಮನೆಯ ಹಿರಿಯರೇ. ಹಳೇ ನೆಲದ ಮೇಲೇ ಹಾಕಿಸೋದಾದರೆ ಎತ್ತರ ಇಂಚು, ಒಂದೂವರೆ ಇಂಚು ಏರುತ್ತೆ ಅನ್ನೋದೂ ನೆನಪಿರಲಿ. ಬಾಗಿಲು ಉಜ್ಜುತ್ತೆ, ಹೊಸಿಲ ಹತ್ತಿರ ಕಾಲು ಎಡವುತ್ತೆ.

ನನ್ನ ಪ್ರಕಾರ ಇದಕ್ಕೆ ದಾರಿ ಒಂದೇ. ನೆಲ ತಯಾರು ಮಾಡೋ ಕೆಲಸಕ್ಕೆ ಬೇರೆಯಾಗಿ ದಿನಗೂಲಿ ಮಾತಾಡಿ. ಚದರಡಿ ಲೆಕ್ಕ ಶುರುವಾಗೋದು ಆಮೇಲೆ. ದುಡ್ಡು ಸಾಲದಿದ್ದರೆ ಒಂದು ದರ್ಜೆ ಕಡಿಮೆ ಬೆಲೆಯ ಟೈಲ್ಸ್ ತಗೊಳ್ಳಿ, ನೆಲದಲ್ಲಿ ಮಾತ್ರ ಉಳಿಸೋಕೆ ಹೋಗಬೇಡಿ.

ಏನಂತೀರಿ?