ನಮ್ಮ ಕಣ್ಣಿನ ಚಿತ್ರದಿಂದ ಕಲಿತ ಯಂತ್ರ ನಮ್ಮೂರಲ್ಲೇ ಪರೀಕ್ಷೆಗೆ ಕೂರಲಿ



ಸಕ್ಕರೆ ಕಾಯಿಲೆ ಇದ್ದವರ ಕಣ್ಣು ನೋವಿಲ್ಲದೆ ಕೆಡುತ್ತದೆ. ಅಕ್ಷಿಪಟಲದ ಸಣ್ಣ ರಕ್ತನಾಳಗಳು ಸೋರತೊಡಗಿದ್ದು ರೋಗಿಗೆ ಗೊತ್ತೇ ಆಗುವುದಿಲ್ಲ. ನೋಟ ಮಂಜಾಗುವ ಹೊತ್ತಿಗೆ ಎಷ್ಟೋ ಸಲ ಕೈಮೀರಿರುತ್ತದೆ. ವರ್ಷಕ್ಕೊಮ್ಮೆ ಕಣ್ಣಿನೊಳಗಿನ ಚಿತ್ರ ತೆಗೆದು ನೋಡಿ, ಸಕಾಲಕ್ಕೆ ಚಿಕಿತ್ಸೆ ಕೊಟ್ಟರೆ ಈ ಕುರುಡುತನವನ್ನು ಬಹುಮಟ್ಟಿಗೆ ತಡೆಯಬಹುದು. ಆದರೆ ಚಿತ್ರ ನೋಡಬಲ್ಲ ತಜ್ಞರು ಇರುವುದು ಪಟ್ಟಣಗಳಲ್ಲಿ, ಸಕ್ಕರೆ ಕಾಯಿಲೆ ಇರುವುದು ಎಲ್ಲ ಹಳ್ಳಿಗಳಲ್ಲೂ. ಹಾಗಾಗಿ ಚಿತ್ರ ನೋಡಿ ರೋಗ ಗುರುತಿಸುವ ಕೃತಕ ಬುದ್ಧಿಮತ್ತೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವುದಾದರೆ ನಾವು ಬೇಡವೆನ್ನುವವರಲ್ಲ. ಬರಲಿ. ಆದರೆ ಮಾರುವವರ ಮಾತಿನ ಮೇಲೆ ಬರಬಾರದು, ನಮ್ಮ ಜನರ ಮೇಲೆ, ನಮ್ಮ ಊರಲ್ಲಿ, ಬೇರೆಯವರು ಪರೀಕ್ಷಿಸಿದ ಮೇಲೆ ಬರಬೇಕು. ಈ ಕರಪತ್ರದ ಒತ್ತಾಯ ಅದೇ.

2016ರಲ್ಲಿ ಗೂಗಲ್ ಸಂಶೋಧಕರು ಇಂಥ ಒಂದು ಯಂತ್ರಕ್ಕೆ 1,28,175 ಕಣ್ಣಿನ ಚಿತ್ರಗಳನ್ನು ತೋರಿಸಿ ಕಲಿಸಿದರು. ಒಂದೊಂದು ಚಿತ್ರವನ್ನೂ ವೈದ್ಯರು ಮೂರರಿಂದ ಏಳು ಸಲ ನೋಡಿ ಗುರುತು ಹಾಕಿದ್ದರು. ಚಿತ್ರಗಳು ಬಂದದ್ದು ಅಮೆರಿಕದ ಒಂದು ಸಂಗ್ರಹದಿಂದ ಮತ್ತು ಭಾರತದ ಮೂರು ಆಸ್ಪತ್ರೆಗಳಿಂದ: ಅರವಿಂದ ಕಣ್ಣಾಸ್ಪತ್ರೆ, ಶಂಕರ ನೇತ್ರಾಲಯ, ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ. ಯಂತ್ರ ಕಲಿತದ್ದರಲ್ಲಿ ನಮ್ಮವರ ಕಣ್ಣಿನ ಪಾಲೂ ಇದೆ, ಇದು ಹೆಮ್ಮೆಯ ವಿಷಯವೇ. ಫಲಿತಾಂಶವೂ ಚೆನ್ನಾಗಿತ್ತು. ಸೂಕ್ಷ್ಮವಾಗಿ ಹೊಂದಿಸಿದಾಗ, ರೋಗ ಇದ್ದ ಪ್ರತಿ ನೂರರಲ್ಲಿ 96ಕ್ಕೂ ಹೆಚ್ಚನ್ನು ಅದು ಹಿಡಿಯಿತು.

ಮುಂದೆ ಅದೇ ಬಗೆಯ ಯಂತ್ರವನ್ನು ಥಾಯ್ಲೆಂಡಿನ 11 ಸರ್ಕಾರಿ ಚಿಕಿತ್ಸಾಲಯಗಳಿಗೆ ಒಯ್ದರು. ಅಲ್ಲಿ ಚಿತ್ರ ತೆಗೆಯುವವರು ದಾದಿಯರು. ಕೆಲವು ಕಡೆ ಕೋಣೆಯನ್ನು ಕತ್ತಲು ಮಾಡುವ ಅನುಕೂಲವೇ ಇರಲಿಲ್ಲ, ಚಿತ್ರಗಳು ಮಬ್ಬಾದವು. ಯಂತ್ರಕ್ಕೆ ಕೊಟ್ಟ 1,838 ಚಿತ್ರಗಳಲ್ಲಿ ಶೇ. 21ರಷ್ಟನ್ನು ಅದು 'ಗುಣಮಟ್ಟ ಸಾಲದು' ಎಂದು ವಾಪಸು ಮಾಡಿತು. ಅಂಥ ರೋಗಿಗಳಿಗೆ ಇನ್ನೊಂದು ದಿನ ಬೇರೆ ಕಡೆಗೆ ತಜ್ಞರ ಬಳಿ ಹೋಗಿ ಎಂದು ಹೇಳಬೇಕಾಯಿತು. ಒಂದು ಕಡೆ ಎರಡು ಗಂಟೆ ಇಂಟರ್ನೆಟ್ ಹೋಗಿ, 200 ಜನರ ತಪಾಸಣೆ 100ಕ್ಕೆ ಇಳಿಯಿತು. ಇದನ್ನೆಲ್ಲ 2020ರಲ್ಲಿ ಬರೆದು ಪ್ರಕಟಿಸಿದವರೂ ಗೂಗಲ್ ಸಂಶೋಧಕರೇ. ಆ ಪ್ರಾಮಾಣಿಕತೆಯನ್ನು ನಾವು ಗೌರವಿಸುತ್ತೇವೆ. ಎಲ್ಲ ಕಂಪನಿಗಳಿಂದಲೂ ಅದನ್ನೇ ಕೇಳುತ್ತೇವೆ.

ಈಗ ನಮ್ಮ ಕಡೆಯ ಒಂದು ಆರೋಗ್ಯ ಕೇಂದ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೇಸಿಗೆ, ಕರೆಂಟು ಹೋಗಿದೆ, ಹೊರಗೆ ಸಾಲು ಬೆಳೆದಿದೆ. ದಿನದ ಕೂಲಿ ಬಿಟ್ಟು ಬಂದ ಹೆಣ್ಣುಮಗಳಿಗೆ 'ಚಿತ್ರ ಸರಿಯಾಗಿಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ' ಎಂದರೆ ಆಕೆ ಹೋಗುತ್ತಾಳೆಯೇ? ಪ್ರಯೋಗಾಲಯದ ಅಂಕಪಟ್ಟಿಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ.

ಮಾರುವವರ ಅಂಕಿಗಳನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲೇ ಉದಾಹರಣೆ ಇದೆ. ರಕ್ತದ ನಂಜು ಏರುವುದನ್ನು ಮೊದಲೇ ಎಚ್ಚರಿಸುವ ಎಪಿಕ್ ಕಂಪನಿಯ ತಂತ್ರಾಂಶ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಮಿಷಿಗನ್ ವಿಶ್ವವಿದ್ಯಾಲಯದವರು ತಮ್ಮ ಆಸ್ಪತ್ರೆಯ ದಾಖಲೆಗಳ ಮೇಲೆ ಅದನ್ನು ಒರೆಗೆ ಹಚ್ಚಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ನಂಜಿನ ಪ್ರಕರಣಗಳಲ್ಲಿ ಮೂರನೇ ಎರಡರಷ್ಟನ್ನು ಅದು ಗುರುತಿಸಿರಲಿಲ್ಲ. ಬಳಕೆ ಮೊದಲು, ಪರೀಕ್ಷೆ ಆಮೇಲೆ ಎಂಬ ಕ್ರಮದ ಬೆಲೆ ಇದು.

ಕಿರಾಣಿ ಅಂಗಡಿಯ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು, ಅವಧಿ ಮುಗಿದ ಮೇಲೆ ಮತ್ತೆ ಪರೀಕ್ಷೆ ಆಗಬೇಕು. ಮನುಷ್ಯನ ಕಣ್ಣು ಉಳಿಯುತ್ತದೋ ಇಲ್ಲವೋ ಎಂದು ಹೇಳುವ ಯಂತ್ರಕ್ಕೆ ಅಷ್ಟಾದರೂ ಬೇಡವೇ?

ಯಂತ್ರ ಯಾವುದರಿಂದ ಕಲಿಯುತ್ತದೆ ಎಂಬುದೂ ನ್ಯಾಯದ ಪ್ರಶ್ನೆ. ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ಆರಿಸಲು ಅಮೆರಿಕದಲ್ಲಿ ಬಳಸುತ್ತಿದ್ದ ಒಂದು ಲೆಕ್ಕಾಚಾರ, ಚಿಕಿತ್ಸೆಗೆ ಖರ್ಚಾದ ಹಣವನ್ನೇ ಕಾಯಿಲೆಯ ಅಳತೆ ಎಂದು ಹಿಡಿದಿತ್ತು. ಕಪ್ಪು ಜನರಿಗೆ ಖರ್ಚಾಗುತ್ತಿದ್ದುದೇ ಕಡಿಮೆ. ಆದ್ದರಿಂದ ಅಷ್ಟೇ ಕಾಯಿಲೆ ಇದ್ದರೂ ಅವರು ಲೆಕ್ಕದಲ್ಲಿ ಆರೋಗ್ಯವಂತರಾಗಿ ಕಂಡರು. 2019ರಲ್ಲಿ ಇದು ಬಯಲಾಯಿತು. ದುಡ್ಡಿಲ್ಲದೆ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರು ನಮ್ಮಲ್ಲಿ ಎಷ್ಟಿಲ್ಲ! ದಾಖಲೆಯಲ್ಲಿ ಇಲ್ಲದವರು ಯಂತ್ರದ ಕಲಿಕೆಯಲ್ಲೂ ಇರುವುದಿಲ್ಲ.

ಇನ್ನು ದಾಖಲೆಗಳ ಮಾತು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಸುಮಾರು 16 ಲಕ್ಷ ರೋಗಿಗಳ ದಾಖಲೆಗಳನ್ನು ಡೀಪ್‌ಮೈಂಡ್ ಕಂಪನಿಗೆ ಕೊಟ್ಟಿತ್ತು. ಮೂತ್ರಪಿಂಡದ ತೊಂದರೆ ಬೇಗ ಪತ್ತೆಹಚ್ಚುವುದು ಉದ್ದೇಶ. ಉದ್ದೇಶ ಒಳ್ಳೆಯದೇ, ಆದರೆ ರೋಗಿಗಳಿಗೆ ಸರಿಯಾಗಿ ತಿಳಿಸಿರಲಿಲ್ಲ. 2017ರಲ್ಲಿ ಅಲ್ಲಿನ ಮಾಹಿತಿ ಆಯುಕ್ತರು ಇದು ಕಾನೂನಿನ ಉಲ್ಲಂಘನೆ ಎಂದು ಹೇಳಿದರು.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆರೋಗ್ಯದ ಮಾಹಿತಿಗೆ ಪ್ರತ್ಯೇಕ ಸ್ಥಾನವಿಲ್ಲ. 2019ರ ಮಸೂದೆಯಲ್ಲಿ ಅದನ್ನು 'ಸೂಕ್ಷ್ಮ' ಮಾಹಿತಿ ಎಂದು ಬೇರೆಯಾಗಿ ಗುರುತಿಸಿದ್ದರು, 2023ರ ಕಾಯ್ದೆಗೆ ಬರುವ ಹೊತ್ತಿಗೆ ಆ ಗುರುತು ಬಿಟ್ಟುಹೋಯಿತು. ಸಂಶೋಧನೆ ಮತ್ತು ಅಂಕಿಅಂಶದ ಉದ್ದೇಶಕ್ಕೆ ಷರತ್ತಿನ ಮೇಲೆ ವಿನಾಯಿತಿಯೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಕೃತಕ ಬುದ್ಧಿಮತ್ತೆಗೆ ನೈತಿಕ ಮಾರ್ಗಸೂಚಿ ಹೊರಡಿಸಿದೆ. ಅದು ಒಳ್ಳೆಯ ದಾಖಲೆ, ಆದರೆ ಮಾರ್ಗಸೂಚಿ ಕಾನೂನಲ್ಲ.

ಹಾಗೆಂದು ದಾಖಲೆಗಳಿಗೆ ಬೀಗ ಹಾಕಿ ಎಂದು ನಾವು ಹೇಳುವುದಿಲ್ಲ. ಬೀಗ ಹಾಕಿದರೆ ಯಂತ್ರಗಳು ಹೊರದೇಶದವರ ಶರೀರದಿಂದ ಕಲಿತು ನಮಗೆ ಔಷಧ ಹೇಳುತ್ತವೆ. ಬೇರೆ ದಾರಿ ಇದೆ. 2020ರಲ್ಲಿ ಕೋವಿಡ್ ಹೊತ್ತಿನಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಓಪನ್‌ಸೇಫ್ಲಿ ವ್ಯವಸ್ಥೆಯಲ್ಲಿ ರೋಗಿಗಳ ದಾಖಲೆ ಇದ್ದಲ್ಲೇ ಇರುತ್ತದೆ. ಸಂಶೋಧಕರು ತಮ್ಮ ಪ್ರೋಗ್ರಾಮನ್ನು ಅಲ್ಲಿಗೆ ಕಳಿಸುತ್ತಾರೆ, ಲೆಕ್ಕದ ಮೊತ್ತ ಮಾತ್ರ ಪರಿಶೀಲನೆಯಾಗಿ ಹೊರಬರುತ್ತದೆ. ಯಾರು, ಯಾವ ಕೆಲಸಕ್ಕೆ, ಏನು ಮಾಡಿದರು ಎಂಬುದು ಸಾರ್ವಜನಿಕರ ಕಣ್ಣಿಗೆ ಬೀಳುತ್ತದೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳ ದಾಖಲೆಗಳಿಗೂ ಇಂಥದೇ ವ್ಯವಸ್ಥೆ ಬೇಕು. ಯಾರಿಗೆ ಪ್ರವೇಶ ಕೊಡಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಅಧಿಕಾರಿಗಳು, ಎಂಜಿನಿಯರುಗಳ ಜೊತೆ ರೋಗಿಗಳೂ ಆಶಾ ಕಾರ್ಯಕರ್ತೆಯರೂ ಕೂರಬೇಕು.

ರಾಜ್ಯ ಆರೋಗ್ಯ ಇಲಾಖೆಗೆ ನಮ್ಮ ಹಕ್ಕೊತ್ತಾಯ ಹೀಗಿದೆ. ಯಾವುದೇ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಕೊಳ್ಳುವ ಮುನ್ನ ಕರಾವಳಿ, ಮಲೆನಾಡು, ಕಲ್ಯಾಣ ಕರ್ನಾಟಕದ ಆರೋಗ್ಯ ಕೇಂದ್ರಗಳಲ್ಲಿ, ಅಲ್ಲಿನದೇ ಕ್ಯಾಮೆರಾ, ಅಲ್ಲಿನದೇ ಸಿಬ್ಬಂದಿಯೊಂದಿಗೆ ಪರೀಕ್ಷೆ ನಡೆಯಲಿ. ನಡೆಸುವವರು ಕಂಪನಿಯಿಂದ ಹಣ ಪಡೆಯದ ಸರ್ಕಾರಿ ವೈದ್ಯಕೀಯ ಕಾಲೇಜಿನವರಾಗಿರಲಿ. ಎಷ್ಟು ರೋಗಿಗಳನ್ನು ಗುರುತಿಸದೆ ಬಿಟ್ಟಿತು, ಎಷ್ಟು ಚಿತ್ರ ವಾಪಸು ಮಾಡಿತು, ಹಾಗೆ ವಾಪಸಾದವರಲ್ಲಿ ಎಷ್ಟು ಮಂದಿ ಕೊನೆಗೂ ತಜ್ಞರನ್ನು ಕಂಡರು, ಇವೆಲ್ಲ ಕನ್ನಡದಲ್ಲಿ ಪ್ರಕಟವಾಗಲಿ. ಗಂಡಸರು ಹೆಂಗಸರು, ಹಳ್ಳಿ ಪಟ್ಟಣ ಎಂದು ಅಂಕಿಗಳು ಬೇರೆಬೇರೆಯಾಗಿರಲಿ, ಏಕೆಂದರೆ ಸರಾಸರಿಯಲ್ಲಿ ಬಡವರ ನಷ್ಟ ಮುಚ್ಚಿಹೋಗುತ್ತದೆ. ಬಳಕೆಗೆ ಬಂದ ಮೇಲೂ ವರ್ಷಕ್ಕೊಮ್ಮೆ ಮರುಪರೀಕ್ಷೆ ಆಗಲಿ, ಸೋತ ಯಂತ್ರವನ್ನು ನಿಲ್ಲಿಸುವ ಅಧಿಕಾರ ಟೆಂಡರ್ ಕರಾರಿನಲ್ಲೇ ಬರೆದಿರಲಿ. ದಾಖಲೆ ಕೊಡಲು ಒಪ್ಪದ ರೋಗಿಗೆ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ಕೊರತೆ ಆಗಬಾರದು. ಯಂತ್ರದ ತೀರ್ಪಿನ ಕೆಳಗೆ ಹೊಣೆ ಹೊರುವ ವೈದ್ಯರ ಹೆಸರಿರಬೇಕು.

ಬಂಧುಗಳೇ, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಯಲ್ಲಿ ಈ ಕರಪತ್ರವನ್ನು ಮುಂದಿಡಿ. ನಮ್ಮಲ್ಲಿ ಇಂಥ ಯಂತ್ರ ಬಂದಿದೆಯೇ, ಪರೀಕ್ಷಿಸಿದವರು ಯಾರು, ನಮ್ಮ ದಾಖಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ಉತ್ತರ ಸಿಕ್ಕರೆ ಮಾಹಿತಿ ಹಕ್ಕಿನಡಿ ಪರೀಕ್ಷಾ ವರದಿಗೂ ಕರಾರು ಪತ್ರಕ್ಕೂ ಅರ್ಜಿ ಹಾಕಿ. ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಯವರಿಗೆ ಕೊಡಿ.