ರೂಮ್ ಬಿಡ್ರಿ, ಡಿಪಾಸಿಟ್ ಬಿಡಬ್ಯಾಡ್ರಿ



ಧಾರವಾಡದ ಸಪ್ತಾಪುರಕ್ಕೆ ಪಿಎಸ್ಐ, ಕೆಎಎಸ್ ಅಂತ ಓದಾಕ ಬಂದ ನಮ್ಮ ಹುಡುಗರು ಆಗಾಗ ಫೋನ್ ಮಾಡ್ತಾರ. "ಅಣ್ಣಾ, ರೂಮ್ ಬಿಡಬೇಕಾಗೇತಿ." ಬಾಡಿಗೆ ಹಂಚಿಕೊಳ್ಳುವಾಗ ಇಲ್ಲದ ಜಾತಿ, ಅರ್ಜಿಗೆ ಹಚ್ಚಾಕ ತಂದ ಜಾತಿ ಪ್ರಮಾಣಪತ್ರ ಕಂಡ ದಿನ ಬರ್ತದ. ಯಾರೂ ಬೈಯಂಗಿಲ್ಲ. ಇವನ ತಾಟು, ಲೋಟ ಬ್ಯಾರೆ ಆಗ್ತಾವ. ಇವನ ಅವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿಗೆ ಯಾರೂ ಕೈ ಹಾಕಂಗಿಲ್ಲ. ಕಡೀಕ "ನಿನಗ ನಮಗ ಹೊಂದಂಗಿಲ್ಲ, ಬ್ಯಾರೆ ರೂಮ್ ನೋಡ್ಕೋ" ಅಂತಾರ. ಡಿಪಾಸಿಟ್ ಕೇಳಿದ್ರ, "ನಿನ್ನ ಜಾಗಕ್ಕ ಒಬ್ಬನ್ನ ತಂದು ಬಿಡು, ಆಮ್ಯಾಲೆ ನೋಡೋಣ."

ಇದು ಬರೀ ರೂಮ್‌ಮೇಟ್ ಜಗಳ ಅನ್ನುವವರು ನಮ್ಮೊಳಗೂ ಇದ್ದಾರೆ. 1917ರಲ್ಲಿ ಬರೋಡಾದ ಪಾರ್ಸಿ ವಸತಿಗೃಹದಿಂದ ಹನ್ನೊಂದನೇ ದಿನ ಬಾಬಾಸಾಹೇಬರನ್ನು ಹೊರಗೆ ಹಾಕಿದಾಗ ಅವರು ಕೊಲಂಬಿಯಾದಲ್ಲಿ ಓದಿ ಬಂದಿದ್ದರು. ಅಲ್ಲಿ ಕೋಲು ಹಿಡಿದು ಬಂದಿದ್ದರು. ಇಲ್ಲಿ "ಅಡ್ಜಸ್ಟ್ ಆಗವಲ್ದು" ಅಂದ್ರ ಸಾಕು.

ದೌರ್ಜನ್ಯ ತಡೆ ಕಾಯ್ದೆ ಐತಲ್ಲ ಅಂತೀರಿ. ಐತಿ. ಆದರೆ ನಾಲ್ಕು ಗೋಡೆಯ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಜಾತಿ ನಿಂದನೆಯ ಕಲಮಿಗೆ ಬರುವುದಿಲ್ಲ ಎಂದು 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಹುಡುಗರ ಅವಮಾನ ಆಗೋದೇ ನಾಲ್ಕು ಗೋಡೆಯೊಳಗ! ನನಗಿದು ಒಪ್ಪಿಗೆ ಇಲ್ಲ. ಆದ್ರೂ ಠಾಣೆಗೆ ಹೋಗೋ ಮೊದಲು ಗೊತ್ತಿರಲಿ.

ಪರೀಕ್ಷೆ ಮುಂದಿಟ್ಟುಕೊಂಡು ಆ ರೂಮಿನ್ಯಾಗ ದಿನಾ ಸಾಯಬ್ಯಾಡ್ರಿ, ಬಿಡ್ರಿ. ಆದರೆ ರಾತ್ರೋರಾತ್ರಿ ಗಂಟು ಕಟ್ಟಬ್ಯಾಡ್ರಿ. ಕರಾರುಪತ್ರದಾಗ ನಿಮ್ಮ ಹೆಸರಿದ್ರ, ಅದರಾಗ ಬರೆದಷ್ಟು ದಿನ ಮೊದಲು ಮಾಲಕರಿಗೆ ಬರಹದಲ್ಲಿ ನೋಟಿಸ್ ಕೊಡ್ರಿ. ಕರಾರೇ ಇಲ್ಲದ ತಿಂಗಳ ಬಾಡಿಗೆಯಾದರೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನ. ಇಂಥ ತಾರೀಖಿನಿಂದ ನನ್ನ ಪಾಲಿನ ಬಾಡಿಗೆ ಮುಗೀತು ಅಂತ ಬರೆಸಿ, ಮಾಲಕರ ಸಹಿ ಹಾಕಿಸಿಕೊಳ್ಳ್ರಿ. ಇಲ್ಲಾಂದ್ರ ಉಳಿದವರು ಬಾಡಿಗೆ ಕಟ್ಟದಿದ್ರೂ ನಿಮ್ಮನ್ನ ಹುಡುಕ್ಕೋತ ಬರ್ತಾರ. ಡಿಪಾಸಿಟ್ ರೂಮ್‌ಮೇಟ್ ಕೈಗೆ ಕೊಟ್ಟಿದ್ರ ಫೋನ್‌ಪೇ ಸ್ಕ್ರೀನ್‌ಶಾಟ್ ಅಳಿಸಬ್ಯಾಡ್ರಿ.

ವಕೀಲರಿಗೆ ರೊಕ್ಕ ಇಲ್ಲ ಅನ್ನಬ್ಯಾಡ್ರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಹಾಯವಾಣಿ 15100.

ನನಗ ಫೋನ್ ಮಾಡೋದಿದ್ರ ರೂಮಿನ ಕೀಲಿ ನಿಮ್ಮ ಕೈಯಾಗ ಇದ್ದಾಗ ಮಾಡ್ರಿ.