ಲೆಕ್ಕ ತಕ್ಕಡಿಯಿಂದಲೇ ಶುರುವಾಗಲಿ

ಜೇವರ್ಗಿಯ ಮೀನಿನಂಗಡಿಯಲ್ಲಿ ಥರ್ಮಾಕೋಲ್ ಡಬ್ಬಿಯ ಮುಚ್ಚಳ ತೆಗೆದರೆ ಮೇಲೆ ಪುಡಿ ಐಸು, ಕೆಳಗೆ ಒಂದೇ ಅಳತೆಯ ಕಾಟ್ಲಾ, ರೋಹು. ಡಬ್ಬಿಯ ಮೈಮೇಲೆ ಮಾರ್ಕರ್ ಪೆನ್ನಿನಲ್ಲಿ ಗೀಚಿದ ಎರಡಕ್ಷರ, ಒಂದು ಸಂಖ್ಯೆ. ಅದು ಕಳಿಸಿದ ವ್ಯಾಪಾರಿಯ ಗುರುತು, ಅಷ್ಟೆ. ಯಾವ ಕೆರೆಯದು, ಯಾವತ್ತು ಹಿಡಿದದ್ದು, ದಾರಿಯಲ್ಲಿ ಎಷ್ಟು ದಿನ ಕಳೆಯಿತು ಎಂಬ ಸುಳಿವು ಎಲ್ಲೂ ಇಲ್ಲ. ಕೇಳಿದರೆ ‘ಆಂಧ್ರದ್ದು ರೀ’ ಎಂಬ ಉತ್ತರ ಬರುತ್ತದೆ. ಪಕ್ಕದ ಬುಟ್ಟಿಯಲ್ಲಿ ಭೀಮೆಯಲ್ಲಿ ಬೆಳಗ್ಗೆ ಬಲೆಗೆ ಬಿದ್ದ ಮೀನಿದ್ದರೂ ಅದಕ್ಕೂ ಬಾಯಿಮಾತೇ ಆಧಾರ. ಇಜೇರಿಯಿಂದ ಬಂದ ಗಿರಾಕಿ ಎರಡನ್ನೂ ಒಂದೇ ನಂಬಿಕೆಯ ಮೇಲೆ ಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಾನೆ.

ಇದೇ ದೇಶದಿಂದ ಯುರೋಪಿಗೆ ಹೋಗುವ ಬೊಂಡಾಸಕ್ಕೆ (ಸ್ಕ್ವಿಡ್) ಈ ಗತಿಯಿಲ್ಲ. ಕಳ್ಳ ಮೀನುಗಾರಿಕೆ ತಡೆಯಲೆಂದು ಐರೋಪ್ಯ ಒಕ್ಕೂಟ ಮಾಡಿದ ಕಾನೂನು 2010ರಿಂದ ಜಾರಿಯಲ್ಲಿದೆ. ಯಾವ ಬೋಟು, ಎಲ್ಲಿ, ಎಷ್ಟು ಹಿಡಿಯಿತು ಎಂಬ ಪ್ರಮಾಣಪತ್ರವಿಲ್ಲದೆ ಸಮುದ್ರದ ಮೀನು ಅಲ್ಲಿನ ಬಂದರಿಗೆ ಇಳಿಯುವಂತಿಲ್ಲ. 2026ರ ಜನವರಿಯಿಂದ ಆ ಕಾಗದವೂ ಪೂರ್ತಿ ಕಂಪ್ಯೂಟರ್‌ಗೆ ಹೋಗಿದೆ. ಅಮೆರಿಕವಂತೂ ಬಲೆಯಲ್ಲಿ ಕಡಲಾಮೆ ತಪ್ಪಿಸಿಕೊಳ್ಳುವ ಸಾಧನವಿಲ್ಲವೆಂದು 2018ರಲ್ಲೇ ನಮ್ಮ ಸಮುದ್ರದ ಸಿಗಡಿಗೆ ಬಾಗಿಲು ಮುಚ್ಚಿತು. ಈ ಒತ್ತಡಕ್ಕೆ ದೆಹಲಿ ಓಗೊಟ್ಟಿತು. 2025ರ ನವೆಂಬರ್ 4ರಂದು ವಿಶೇಷ ಆರ್ಥಿಕ ವಲಯದ ಮೀನುಗಾರಿಕೆಗೆ ಹೊಸ ನಿಯಮ ಬಂತು. ಯಾಂತ್ರಿಕ ಬೋಟುಗಳು ಆನ್‌ಲೈನ್‌ನಲ್ಲಿ ಪ್ರವೇಶ ಪಾಸು ಪಡೆಯಬೇಕು. ಸಾಂಪ್ರದಾಯಿಕ ಸಣ್ಣ ಮೀನುಗಾರರಿಗೆ ವಿನಾಯಿತಿ. ಅದೇ ತಿಂಗಳ 21ರಂದು, ವಿಶ್ವ ಮೀನುಗಾರಿಕಾ ದಿನದಂದು, ಮೀನಿನ ಮೂಲ ಪತ್ತೆಗೆಂದು ರಾಷ್ಟ್ರೀಯ ಚೌಕಟ್ಟೂ ಬಿಡುಗಡೆಯಾಯಿತು.

ಈ ವ್ಯವಸ್ಥೆ ಬೇಕು. ಅದನ್ನು ವಿರೋಧಿಸುವವರ ಸಾಲಿನಲ್ಲಿ ನಾನಿಲ್ಲ. ನನ್ನ ತಕರಾರು ಅದರ ಮುಖ ಎತ್ತ ತಿರುಗಿದೆ ಎಂಬುದರ ಬಗ್ಗೆ. ರಫ್ತಾಗುವ ಮೀನಿಗೆ ಹುಟ್ಟಿದೂರು ಬೇಕು, ನಾವು ತಿನ್ನುವ ಮೀನಿಗೆ ಬೇಡವೇ? ಬೋಟಿನ ಜಾಡು ಬೇಕು, ಆ ಬೋಟಿನಿಂದ ಕೊಂಡವನ ಹೆಸರು ಬೇಡವೇ? ಮೀನಿನ ಲೆಕ್ಕ ಬೋಟಿನಿಂದ ಮೀನಿಳಿಸುವ ದಕ್ಕೆಯ ತಕ್ಕಡಿಯ ಮೇಲೆ ಶುರುವಾಗಬೇಕು, ಮಾರಿದವನಷ್ಟೇ ಕೊಂಡವನನ್ನೂ ಕಟ್ಟಿಹಾಕಬೇಕು. ಇಲ್ಲವಾದರೆ ಕ್ಯೂಆರ್ ಕೋಡು, ಬ್ಲಾಕ್‌ಚೈನು ಎಂಬ ಮಾತುಗಳಿಂದ ಮೀನಿಗೂ ಮೀನುಗಾರನಿಗೂ ನಯಾಪೈಸೆ ಪ್ರಯೋಜನವಿಲ್ಲ. ಮೊದಲ ನಮೂದೇ ಸುಳ್ಳಾದರೆ ಅದನ್ನು ಎಂಥ ಯಂತ್ರಕ್ಕೆ ಹಾಕಿದರೂ ಸುಳ್ಳೇ ಭದ್ರವಾಗಿ ಉಳಿಯುತ್ತದೆ.

ಕರಾವಳಿಯ ಬೆಳಕು ಮೀನುಗಾರಿಕೆಯ ಜಗಳವನ್ನೇ ನೋಡಿ. ಜನರೇಟರ್ ಹೊತ್ತ ಬೋಟು ರಾತ್ರಿ ಸಮುದ್ರದ ಮೇಲೆ ಎಲ್‌ಇಡಿ ದೀಪಗಳ ಸಾಲು ಬೆಳಗಿಸುತ್ತದೆ. ಬೆಳಕಿಗೆ ದೊಡ್ಡ ಮೀನೂ ಬರುತ್ತದೆ, ಮರಿಯೂ ಬರುತ್ತದೆ. ಪರ್ಸೀನ್ ಬಲೆ ಎರಡನ್ನೂ ಒಟ್ಟಿಗೆ ಸುತ್ತುತ್ತದೆ. 2017ರ ನವೆಂಬರ್ 10ರಂದು ಕೇಂದ್ರ ಸರ್ಕಾರ ಇದನ್ನು ನಿಷೇಧಿಸಿತು. 2025ರ ನಿಯಮ ಮತ್ತೆ ನಿಷೇಧಿಸಿದೆ, ಜೊತೆಗೆ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ. ಒಂದೇ ಕೆಲಸವನ್ನು ಎಂಟು ವರ್ಷಗಳ ಅಂತರದಲ್ಲಿ ಎರಡು ಸಲ ನಿಷೇಧಿಸಬೇಕಾಗಿ ಬಂದದ್ದೇ ಮೊದಲ ನಿಷೇಧದ ಹಣೆಬರಹ ಹೇಳುತ್ತದೆ. ನಡುವಿನ ಈ ವರ್ಷಗಳಲ್ಲಿ ಕಾರವಾರದಿಂದ ಮಂಗಳೂರಿನವರೆಗೆ ನಾಡದೋಣಿಯವರು ಬೀದಿಗಿಳಿದರು, ಪರ್ಸೀನ್‌ನವರೂ ಬೀದಿಗಿಳಿದರು, ಮನವಿ ತೆಗೆದುಕೊಂಡ ಅಧಿಕಾರಿಗಳು ಗಸ್ತು ಹೆಚ್ಚಿಸುತ್ತೇವೆ ಎಂದರು.

ಗಸ್ತಿನಿಂದ ಇದು ನಿಲ್ಲುವುದಿಲ್ಲ. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಕರಾವಳಿ, ರಾತ್ರಿಯ ಸಮುದ್ರ, ಇಲಾಖೆಯ ಕೈಯಲ್ಲಿ ಬೆರಳೆಣಿಕೆಯ ದೋಣಿ. ಹನ್ನೆರಡು ನಾಟಿಕಲ್ ಮೈಲಿಯ ಒಳಗೆ ರಾಜ್ಯದ ಅಧಿಕಾರ, ಆಚೆಗೆ ಕೇಂದ್ರದ್ದು. ಗಸ್ತಿನ ಸುದ್ದಿ ಬಂದೊಡನೆ ದೀಪ ಆರುತ್ತದೆ, ಆಮೇಲೆ ಹಿಡಿದವನ ಮಾತಿಗೆ ಸಿಕ್ಕಿಬಿದ್ದವನ ಮಾತು ಎದುರು. ಆದರೆ ರಾತ್ರಿ ಎಲ್ಲಿ ಹಿಡಿದರೂ ಬೆಳಗಾಗುವಾಗ ಮೀನು ದಕ್ಕೆಗೆ ಬರಲೇಬೇಕಲ್ಲ?

ಮಲ್ಪೆಯಲ್ಲೋ ಮಂಗಳೂರಿನಲ್ಲೋ ದಕ್ಕೆಯ ಮೇಲೆ ನಿಂತರೆ ಎರಡು ಬಗೆಯ ಮಾರಾಟ ಕಾಣುತ್ತದೆ. ಅಂಜಲ್, ಬೊಂಡಾಸ, ಒಳ್ಳೆಯ ಬಂಗುಡೆ ಬುಟ್ಟಿಗಳಲ್ಲಿ ವಿಂಗಡವಾಗಿ, ಒಂದೊಂದಕ್ಕೂ ಕೂಗಿನ ಹರಾಜು. ಅತ್ತ ಕಡೆ ವಿಂಗಡಿಸದ ರಾಶಿ: ಬೆರಳುದ್ದದ ಬೂತಾಯಿ, ಕಣ್ಣು ಬಿಟ್ಟ ಬಂಗುಡೆ ಮರಿ, ಹೊಟ್ಟೆಯೊಡೆದ ಸಣ್ಣಪುಟ್ಟದ್ದೆಲ್ಲ ಕಲಸಿಹೋಗಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಸಲಿಕೆಯಲ್ಲಿ ಬಾಚಿ ಲಾರಿಗೆ ತುಂಬುತ್ತಾರೆ. ಲಾರಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಎಣ್ಣೆ ಹಿಂಡಿ, ಒಣಗಿಸಿ, ಪುಡಿ ಮಾಡುತ್ತಾರೆ. ಪುಡಿ ಸಿಗಡಿಯ, ಕೋಳಿಯ ಆಹಾರವಾಗುತ್ತದೆ. ಮುಂದಿನ ವರ್ಷ ಸಾವಿರಾರು ಮನೆಗಳ ಸಾರಿಗೆ ಆಗಬೇಕಿದ್ದ ಮೀನು ಈ ವರ್ಷವೇ ಚೀಲದಲ್ಲಿ ಹಿಟ್ಟಾಗಿ ಹೋಗುತ್ತದೆ. ಮರಿ ಮೀನಿಗೆ ಕೊಳ್ಳುವವನಿದ್ದಾನೆ, ಅದಕ್ಕೇ ಹಿಡಿಯುವವನಿದ್ದಾನೆ. ನಮ್ಮ ಕಾನೂನು ಹಿಡಿಯುವವನ ಹಿಂದೆ ಮಾತ್ರ ಓಡುತ್ತಿದೆ.

ಆದ್ದರಿಂದ ನಿಯಂತ್ರಣವನ್ನು ಸಮುದ್ರದಿಂದ ದಡಕ್ಕೆ ತನ್ನಿ. ಬೋಟಿನ ನೋಂದಣಿ ಸಂಖ್ಯೆ, ಮೀನಿನ ಜಾತಿ, ತೂಕ, ಕೊಂಡವನ ಪರವಾನಗಿ ಸಂಖ್ಯೆ, ಈ ನಾಲ್ಕೇ ನಮೂದು ತೂಕದ ಹೊತ್ತಿಗೆ ಮೊಬೈಲಿಗೆ ಏರಲಿ. ಕಾರ್ಖಾನೆಯ ಗೇಟಿನ ತೂಕದ ಚೀಟಿ ದಕ್ಕೆಯ ನಮೂದಿಗೆ ತಾಳೆಯಾಗದಿದ್ದರೆ ಆ ಲಾರಿ ಒಳಗೆ ಹೋಗಬಾರದು. ಇಡೀ ಅರಬ್ಬಿ ಸಮುದ್ರ ಕಾಯುವುದಕ್ಕಿಂತ ಕೆಲವು ಕಾರ್ಖಾನೆಗಳ ಗೇಟು ಕಾಯುವುದು ಸುಲಭ, ಅಗ್ಗ, ರಾತ್ರಿ ಯಾರ ಜೀವಕ್ಕೂ ಅಪಾಯವಿಲ್ಲದ ಕೆಲಸ. ಕೇರಳ 2015ರಿಂದಲೇ ಹಿಡಿಯಬಹುದಾದ ಮೀನಿನ ಕನಿಷ್ಠ ಅಳತೆ ಗೊತ್ತುಮಾಡಿದೆ: ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. 2021ರಲ್ಲಿ ಮೀನಿನ ಹರಾಜಿಗೇ ಒಂದು ಕಾನೂನು ಮಾಡಿತು. ಪಾಠ ಕಲಿಯಲು ನಾವು ಯುರೋಪಿಗೆ ಹೋಗಬೇಕಿಲ್ಲ, ತಲಪಾಡಿ ದಾಟಿದರೆ ಸಾಕು.

ಡೀಸೆಲ್ಲಿನ ಮಾತನ್ನೂ ಆಡಲೇಬೇಕು. ಮೀನುಗಾರಿಕಾ ಬೋಟುಗಳಿಗೆ ನಮ್ಮ ರಾಜ್ಯ ಮಾರಾಟ ತೆರಿಗೆಯಿಲ್ಲದ ಡೀಸೆಲ್ ಕೊಡುತ್ತದೆ. 2023ರ ಬಜೆಟ್‌ನಲ್ಲಿ ಅದರ ಮಿತಿಯನ್ನು ಒಂದೂವರೆ ಲಕ್ಷದಿಂದ ಎರಡು ಲಕ್ಷ ಕಿಲೋಲೀಟರ್‌ಗೆ ಏರಿಸಲಾಯಿತು. ಇದು ಜೋಳ ಬೆಳೆಯುವ ಇಜೇರಿಯ ರೈತನೂ ಸೇರಿ ಇಡೀ ರಾಜ್ಯ ಬಿಟ್ಟುಕೊಟ್ಟ ತೆರಿಗೆ. ಕೊಡಬೇಡಿ ಎನ್ನುತ್ತಿಲ್ಲ, ಮೀನುಗಾರನಿಗೆ ಅದು ಸಲ್ಲಬೇಕಾದದ್ದೇ. ಆದರೆ ಲೀಟರ್ ಲೀಟರಿಗೂ ಪಾಸ್‌ಬುಕ್ಕಿನಲ್ಲಿ ಲೆಕ್ಕ ಬರೆಯುವ ವ್ಯವಸ್ಥೆ ಅದೇ ಡೀಸೆಲ್ ಸುಟ್ಟು ತಂದ ಮೀನಿನ ಲೆಕ್ಕ ಕೇಳುವುದಿಲ್ಲವೇಕೆ? ಹಿಂದಿನ ಪ್ರಯಾಣದ ಮೀನಿನ ನಮೂದಿದ್ದರೆ ಮುಂದಿನ ಪ್ರಯಾಣದ ಡೀಸೆಲ್ ಎಂಬ ಒಂದು ಸಾಲಿನ ಆದೇಶ ನೂರು ದಾಳಿ ಮಾಡದ ಕೆಲಸ ಮಾಡುತ್ತದೆ.

‘ಬೋಟಿನ ಜಾಗ ತಿಳಿಸುವ ಟ್ರಾನ್ಸ್‌ಪಾಂಡರ್ ಹಾಕಿ ನಮ್ಮನ್ನು ಕಳ್ಳರಂತೆ ಹಿಂಬಾಲಿಸುತ್ತೀರಿ’ ಎಂಬುದು ಬೋಟಿನವರ ಆಕ್ಷೇಪ. ಮೀನು ಸಿಗುವ ಜಾಗ ಬೋಟು ನಡೆಸುವ ತಾಂಡೇಲನ ಇಡೀ ಬದುಕಿನ ಗಳಿಕೆ. ಅದು ಊರಿಗೆಲ್ಲ ಗೊತ್ತಾದರೆ ಹೊಟ್ಟೆಗೆ ಕಲ್ಲು ಬೀಳುತ್ತದೆ. ಈ ಭಯ ನ್ಯಾಯವಾದದ್ದು. ಬೋಟು ಎಲ್ಲಿತ್ತು ಎಂಬ ಮಾಹಿತಿ ಇಲಾಖೆಯಲ್ಲೇ ಮುಚ್ಚಿದಂತಿರಬೇಕು, ವ್ಯಾಪಾರಿಗೆ ಸೋರಿದರೆ ಸೋರಿಸಿದವನಿಗೆ ಶಿಕ್ಷೆಯಾಗಬೇಕು. ಆದರೆ ಟ್ರಾನ್ಸ್‌ಪಾಂಡರೇ ಬೇಡ ಎನ್ನುವವರು 2018ರ ಡಿಸೆಂಬರ್ ನೆನಪಿಸಿಕೊಳ್ಳಲಿ. ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಡಿಸೆಂಬರ್ 15ರ ರಾತ್ರಿ ಸಂಪರ್ಕ ಕಳೆದುಕೊಂಡಿತು. ಅದರಲ್ಲಿ ಏಳು ಜನರಿದ್ದರು. ಮಾಲ್ವಣದ ಬಳಿ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಪತ್ತೆಯಾಗಲು 2019ರ ಮೇ ಬರಬೇಕಾಯಿತು. ಏಳು ಮನೆಗಳು ನಾಲ್ಕೂವರೆ ತಿಂಗಳು ಬಾಗಿಲು ನೋಡುತ್ತ ಕುಳಿತಿದ್ದವು. ಈಗ ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರನ್ನು ಒಂದು ಲಕ್ಷ ಬೋಟುಗಳಿಗೆ ಉಚಿತವಾಗಿ ಕೊಡುವ ಯೋಜನೆ 2024ರಿಂದ ನಡೆದಿದೆ. ಅದನ್ನು ಬೇಡವೆನ್ನುವುದು ಜೀವದ ಮೇಲೆ ಹುಡುಗಾಟ.

ನಾಡದೋಣಿಯವರ ಮೇಲೂ ಮೀನು ಮಾರುವ ಹೆಂಗಸರ ಮೇಲೂ ಮಾತ್ರ ಈ ಆ್ಯಪುಗಳ ಭಾರ ಬೀಳಬಾರದು. ಬುಟ್ಟಿ ಹೊತ್ತ ತಾಯಿ ಬಾರ್‌ಕೋಡ್ ಸ್ಕ್ಯಾನ್ ಮಾಡಬೇಕೆನ್ನುವ ಯಾವ ನಿಯಮವನ್ನೂ ನಾನು ಒಪ್ಪಲಾರೆ. ಮೀನುಗಾರನ ಹತ್ತಿರ ಈಗಾಗಲೇ ನೋಂದಣಿ, ಪರವಾನಗಿ, ಗುರುತಿನ ಚೀಟಿ, ಡೀಸೆಲ್ ಪುಸ್ತಕ ಇವೆ. ಇವೆಲ್ಲ ಒಂದೇ ಸಂಖ್ಯೆಗೆ ಸೇರಿದರೆ ಅವನ ಅಲೆದಾಟ ಕಡಿಮೆಯಾಗುತ್ತದೆ. ಹಳೆಯ ನಾಲ್ಕು ಕಾಗದ ಉಳಿಸಿಕೊಂಡು ಐದನೆಯದನ್ನು ಹೇರಿದರೆ ಮೀನುಗಾರ ಅದನ್ನು ಮೂಲೆಗೆ ಎಸೆಯುತ್ತಾನೆ, ಎಸೆಯುವುದೇ ಸರಿ.

ಬೂತಾಯಿಯ ಕತೆ ಕಣ್ಣ ಮುಂದಿದೆ. ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 3,300 ಟನ್ನೂ ಸಿಗಲಿಲ್ಲ. ಸಮುದ್ರದ ಬಿಸಿ, ಎಲ್ ನಿನೊ ಕಾರಣ ಎನ್ನುತ್ತಾರೆ ವಿಜ್ಞಾನಿಗಳು, ಒಪ್ಪೋಣ. ಕಡಲ ಬಿಸಿ ನಮ್ಮ ಕೈಯಲ್ಲಿಲ್ಲ, ಸಂತತಿ ಕುಗ್ಗಿದ ವರ್ಷದಲ್ಲಿ ಉಳಿದ ಮರಿಯನ್ನೂ ಬಾಚದಿರುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಇವತ್ತು ಬಂದದ್ದೆಷ್ಟು ಎಂಬುದು ಇವತ್ತೇ ತಿಳಿಯಬೇಕು.

ಇನ್ನು ನಮ್ಮ ಭೀಮೆ. ವಿಶೇಷ ಆರ್ಥಿಕ ವಲಯದ ನಿಯಮ ಇಲ್ಲಿಗೆ ತಾಗುವುದಿಲ್ಲ. ಇಲ್ಲಿರುವುದು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ. ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಪ್ರವಾಹ, ಬಿಡದಿದ್ದರೆ ಮರಳು. ಅದರ ನಡುವೆ ಹರಿಗೋಲು ಹಾಕಿ ಬದುಕುವ ಅಂಬಿಗರ, ಕಬ್ಬಲಿಗರ ಮನೆಗಳಿವೆ. ಮಳೆಗಾಲದ ಹೊಸ ನೀರಿಗೆ ಮೊಟ್ಟೆಯಿಡಲು ಹಳ್ಳ ಹತ್ತುವ ಮೀನನ್ನು ಸೊಳ್ಳೆಪರದೆಯಂಥ ಬಲೆ ಕಟ್ಟಿ ಹಿಡಿಯುವವರಿದ್ದಾರೆ, ಕರೆಂಟ್ ಬಿಟ್ಟು ಹಿಡಿಯುವವರೂ ಇದ್ದಾರೆ. ಆಳಂದದ ಅಮರ್ಜಾ, ಅಫಜಲಪುರದ ಸೊನ್ನ ಬ್ಯಾರೇಜಿನಂಥ ನೀರಿಗೆ ಎಷ್ಟು ಮರಿ ಬಿಟ್ಟೆವು ಎಂಬುದನ್ನು ಇಲಾಖೆ ಬರೆದಿಡುತ್ತದೆ, ಎಷ್ಟು ಬೆಳೆದು ಬಂತು ಎಂಬುದಕ್ಕೆ ಹಿಡಿದವರ, ಗುತ್ತಿಗೆ ಪಡೆದವರ ಮಾತೇ ಗತಿ. ಗುತ್ತಿಗೆ ಪಡೆದ ಸಂಘ ಮೀನುಗಾರರ ಹೆಸರಿನಲ್ಲಿ, ದುಡ್ಡು ಹಾಕುವವನು ಬೇರೆ ಎಂಬ ದೂರು ಒಳನಾಡಿನಲ್ಲಿ ಹೊಸದಲ್ಲ. ತೂಕದ ನಮೂದು ಮೀನುಗಾರನ ಹೆಸರಿನಲ್ಲೇ ಆದರೆ ಆ ಮುಸುಕು ತಾನಾಗಿ ಕಳಚುತ್ತದೆ. ಸಾಲ ಕೇಳಲು ಬ್ಯಾಂಕಿಗೆ ಹೋದಾಗ, ಪ್ರವಾಹದಲ್ಲಿ ಬಲೆ ಕೊಚ್ಚಿಹೋಗಿ ಪರಿಹಾರ ಕೇಳಿದಾಗ, ವರ್ಷಕ್ಕೆ ಇಷ್ಟು ಮೀನು ಹಿಡಿಯುತ್ತಿದ್ದೆ ಎಂದು ತೋರಿಸಲು ಅವನ ಕೈಯಲ್ಲಿ ಪುರಾವೆ ಇರುತ್ತದೆ. ಭೀಮೆಯ ತಾಜಾ ಮೀನು ಐಸಿನ ಡಬ್ಬಿಯ ಮೀನಿನ ದರಕ್ಕೇ ಹೋಗುವುದೂ ತಪ್ಪುತ್ತದೆ.

ಪಶ್ಚಿಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ಬೋಟುಗಳು ದಡದಲ್ಲಿರುತ್ತವೆ. ಆ 61 ದಿನ ಸರ್ಕಾರಕ್ಕೆ ಸಿಗುವ ಬಿಡುವು. ಮಲ್ಪೆ, ಮಂಗಳೂರು, ಕಾರವಾರದ ದಕ್ಕೆಗಳಿಗೆ ತಕ್ಕಡಿ, ಹರಾಜುದಾರರಿಗೆ ಪರವಾನಗಿ, ಫಿಶ್‌ಮೀಲ್ ಗೇಟಿಗೆ ತಾಳೆ ಪುಸ್ತಕ, ಇಷ್ಟನ್ನು ಆ ಬಿಡುವಿನಲ್ಲಿ ಮಾಡಿ ಮುಗಿಸಲು ಸಾಧ್ಯ. ಅದೇ ಮಳೆಗಾಲದಲ್ಲಿ ಅಮರ್ಜಾ ಮತ್ತು ಸೊನ್ನದಲ್ಲಿ ಪ್ರಯೋಗ ಶುರು ಮಾಡಿ. ಮೀನುಗಾರಿಕಾ ಸಚಿವರಿಗೂ ಕಲಬುರಗಿ ಜಿಲ್ಲಾಡಳಿತಕ್ಕೂ ನನ್ನ ಬೇಡಿಕೆ ಇಷ್ಟೇ: ಬರುವ ಆಗಸ್ಟ್ 1ರಂದು ಮೊದಲ ಬೋಟು ನೀರಿಗಿಳಿಯುವ ಮುನ್ನ ಈ ಆದೇಶ ಹೊರಡಿಸಿ, ಅದರಲ್ಲಿ ಕೊಳ್ಳುವವನ ಹೆಸರು ಇರಲಿ.